ಪಾರ್ಸೆಲ್ ಬೈಕಿನ ಚೈನು

ಮುಂಬಯಿ ಮಳೆಯಲ್ಲಿ ಪಾರ್ಸೆಲ್ ಬೈಕಿನ ಚೈನಿನ ಎಣ್ಣೆ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ. ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ಬೈಕು ಅಲ್ಲೇ ಬಿತ್ತು. ಪಾರ್ಸೆಲ್ ಹೋದರೆ ಹೋಗಲಿ, ಹುಡುಗನ ಗತಿ?

ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಒಲೆಯಿಂದ ದೂರ, ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ. ಇಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ನ್ಯೂಟ್ರಲ್‌ನಲ್ಲಿ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಇಂಜಿನ್ ಓಡಿಸಿಕೊಂಡು ಚೈನಿಗೆ ಬಟ್ಟೆ ಹಿಡಿದ ನಮ್ಮ ಹುಡುಗನೊಬ್ಬ ಬೆರಳಿನ ತುದಿ ಕಳೆದುಕೊಂಡ. ಮೊದಲೇ ಹೇಳಿಕೊಡದ ತಪ್ಪು ನನ್ನದೇ.

ಸೀಮೆಎಣ್ಣೆ, ಸಿಗದಿದ್ದರೆ ಡೀಸೆಲ್, ಬ್ರಶ್ಶಿಗೆ ತಾಗಿಸಿ ಕೆಸರು ತೆಗೆಯಿರಿ. ಒರೆಸಿ ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಹನಿಹನಿಯಾಗಿ ಬಿಡಿ. ಕರಿದ ಎಣ್ಣೆ ಮಾತ್ರ ಬೇಡ ಮಾರಾಯ್ರೆ, ಅಂಟಾಗಿ ಧೂಳು ಹಿಡಿಯುತ್ತದೆ. ಹೆಚ್ಚಾದದ್ದನ್ನು ಒರೆಸಿ, ಟಯರು, ಬ್ರೇಕಿಗೆ ತಾಗಬಾರದು.

ಕೆಳಗಿನ ಚೈನನ್ನು ನಡುವೆ ಎತ್ತಿ ಇಳಿಸಿ ನೋಡಿ. 100 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ 2-3 ಸೆಂಟಿಮೀಟರು ಆಡಬೇಕು. ಸರಿಯಾದ ಅಳತೆ ಬೈಕಿನ ಪುಸ್ತಕದಲ್ಲಿರುತ್ತದೆ. ತೀರಾ ಬಿಗಿಯಾದರೆ ಬೇರಿಂಗ್ ಹೋಗುತ್ತದೆ. ಬಿಗಿ ಮಾಡುವಾಗ ಎರಡೂ ಬದಿಯ ಗುರುತು ಸಮ ಇರಲಿ. ಸ್ಪ್ರಾಕೆಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನು, ಎರಡು ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಚೈನೊಂದನ್ನೇ ಹಾಕಿಸಿದರೆ ಹಳೇ ಹಲ್ಲು ಹೊಸ ಚೈನನ್ನೂ ತಿಂದುಹಾಕುತ್ತದೆ.