ನಿಮಗಿದು ಗೊತ್ತೇ? ಅಳಿಸಲೆಂದೇ ಹುಟ್ಟಿದ ನೀಲಿ

ಫೌಂಟನ್ ಪೆನ್ನಿನ ಇಂಕಿನಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಉಳಿದ ಚೂರುಪಾರಿನಲ್ಲಿ ಬಣ್ಣ, ಇಂಕು ಸಲೀಸಾಗಿ ಹರಿಯಲು ಬೇಕಾದ ಪದಾರ್ಥ, ನಿಬ್ಬು ಬೇಗ ಒಣಗದಂತೆ ನೋಡಿಕೊಳ್ಳುವ ಗ್ಲೈಕಾಲ್ ಅಥವಾ ಗ್ಲಿಸರಿನ್, ಬೂಷ್ಟು ಹಿಡಿಯದಂತೆ ತಡೆಯುವ ರಾಸಾಯನಿಕ ಇರುತ್ತವೆ. ಹಳೆಯ ಇಂಕಿನ ಬಾಟಲಿಯ ಮುಚ್ಚಳ ತೆಗೆದೊಡನೆ ಆಸ್ಪತ್ರೆಯ ನೆನಪಾಗುತ್ತಿತ್ತಲ್ಲ, ಆ ವಾಸನೆ ಫಿನಾಲ್‌ನದು.

ನೀರಿನಲ್ಲಿ ತೊಳೆದುಹೋಗುವ ಬಹುತೇಕ ರಾಯಲ್ ಬ್ಲೂ ಇಂಕುಗಳ ಬಣ್ಣಕ್ಕೆ ಆಸಿಡ್ ಬ್ಲೂ 93 ಎಂದು ಹೆಸರು. ಮೈಕ್ರೋಬಯಾಲಜಿ ಓದಿದವರಿಗೆ ಇದು ಬೇರೆ ಹೆಸರಿನಲ್ಲಿ ಪರಿಚಿತ: ಕಾಟನ್ ಬ್ಲೂ. ಸೂಕ್ಷ್ಮದರ್ಶಕದ ಕೆಳಗೆ ಬೂಷ್ಟಿನ ಎಳೆಗಳು ಎದ್ದು ಕಾಣಲಿ ಎಂದು ಹಾಕುವ ನೀಲಿ ಅದೇ. ಮಗುವಿನ ಕಾಪಿ ಪುಸ್ತಕದಲ್ಲೂ ಪ್ರಯೋಗಾಲಯದ ಗಾಜಿನ ಪಟ್ಟಿಯ ಮೇಲೂ ಒಂದೇ ಬಣ್ಣ!

ಈ ಬಗೆಯ ನೀಲಿಗೆ ನೂರೈವತ್ತು ವರ್ಷ ದಾಟಿದೆ. 1861ರಲ್ಲಿ ಫ್ರಾನ್ಸಿನ ಜಿರಾರ್ ಮತ್ತು ದ ಲೇರ್ ಅನಿಲೀನ್ ನೀಲಿಯನ್ನು ತಯಾರಿಸಿದರು. ಆದರೆ ಅದು ಕರಗುತ್ತಿದ್ದುದು ಸ್ಪಿರಿಟ್‌ನಲ್ಲಿ, ನೀರಿನಲ್ಲಲ್ಲ. ಮರುವರ್ಷವೇ ಇಂಗ್ಲೆಂಡಿನ ಎಡ್ವರ್ಡ್ ನಿಕಲ್ಸನ್ ಗಂಧಕಾಮ್ಲದ ನೆರವಿನಿಂದ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿದರು.

ಜರ್ಮನಿಯ ಶಾಲಾಮಕ್ಕಳ ಚೀಲದಲ್ಲಿ ರಾಯಲ್ ಬ್ಲೂ ಪೆನ್ನಿನ ಜೊತೆಗೆ ಇಂಕು ಅಳಿಸುವ ಪೆನ್ನೂ ಇರುವುದು ಮಾಮೂಲು. ಅದರ ಒಂದು ತುದಿಯಿಂದ ಸವರಿದರೆ ಅಕ್ಷರ ಮಾಯ. ಮಾಯವೆಂದರೂ ಬಣ್ಣದ ಕಣ ಎಲ್ಲಿಗೂ ಹೋಗಿರುವುದಿಲ್ಲ, ಕಾಗದದ ಮೇಲೆಯೇ ಕುಳಿತಿರುತ್ತದೆ. ಈ ನೀಲಿಯ ಅಣುವಿನಲ್ಲಿ ನಟ್ಟನಡುವೆ ಒಂದು ಇಂಗಾಲದ ಪರಮಾಣು, ಅದರ ಸುತ್ತ ಮೂರು ಉಂಗುರಗಳು. ಎಲೆಕ್ಟ್ರಾನುಗಳು ಈ ಉಂಗುರಗಳುದ್ದಕ್ಕೂ ಹರಡಿಕೊಂಡಿರುವುದರಿಂದಲೇ ಕಣ್ಣಿಗೆ ನೀಲಿ ಕಾಣುತ್ತದೆ. ಅಳಿಸುವ ದ್ರಾವಣದಲ್ಲಿರುವ ಸಲ್ಫೈಟ್ ಬಂದು ಆ ನಡುವಿನ ಇಂಗಾಲಕ್ಕೆ ಅಂಟಿಕೊಂಡೊಡನೆ ಅಣುವಿನ ಆಕಾರ ಬದಲಾಗುತ್ತದೆ, ಎಲೆಕ್ಟ್ರಾನುಗಳ ಹರಡುವಿಕೆ ತುಂಡಾಗುತ್ತದೆ, ಬಣ್ಣ ಕಾಣದಾಗುತ್ತದೆ. ಅಳಿಸಿದ ಜಾಗದಲ್ಲಿ ಮತ್ತೆ ಅದೇ ಇಂಕಿನಲ್ಲಿ ಬರೆದರೆ ಉಳಿದಿರುವ ಸಲ್ಫೈಟ್ ಅದನ್ನೂ ನುಂಗುತ್ತದೆ. ಅದಕ್ಕೇ ಆ ಪೆನ್ನಿನ ಇನ್ನೊಂದು ತುದಿಯಲ್ಲಿ ಸಲ್ಫೈಟ್‌ಗೆ ಜಗ್ಗದ ಬೇರೆ ನೀಲಿ ಇಟ್ಟಿರುತ್ತಾರೆ. ಅಂಗಿಗೆ ಬಿದ್ದ ಕಲೆ ಹೋಗಬೇಕು, ತಪ್ಪು ಬರೆದ ಮಗು ತಿದ್ದಿಕೊಳ್ಳಬೇಕು ಎಂಬ ಕಾಳಜಿಯಿಂದ ಹುಟ್ಟಿದ ಇಂಕು ಇದು. ಇಷ್ಟು ಬೇಗ ಅಳಿಸಿಹೋಗುತ್ತದಲ್ಲ ಎಂದು ಅದನ್ನು ದೂರುವುದು ನ್ಯಾಯವಲ್ಲ.

ಬಿಸಿಲಿಗೂ ಈ ನೀಲಿ ತಾಳುವುದಿಲ್ಲ. ಒಂದು ಸಾಲು ಬರೆದು, ಅರ್ಧವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಬಳಿ ಕೆಲವು ವಾರ ಬಿಡಿ. ರಟ್ಟು ತೆಗೆದಾಗ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ. ಅಜ್ಜನ ಪತ್ರಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದರೆ ಈ ಪರೀಕ್ಷೆಯನ್ನು ಮೊದಲು ಮಾಡಿ. ನಕಲು ಪ್ರತಿ ಗೋಡೆಯ ಮೇಲಿರಲಿ, ಮೂಲಪತ್ರ ಕತ್ತಲ ಪೆಟ್ಟಿಗೆಯಲ್ಲಿರಲಿ.

ಬ್ಲೂಬ್ಲ್ಯಾಕ್‌ನ ಕಥೆ ಇದಕ್ಕೆ ಪೂರ್ತಿ ಉಲ್ಟಾ. 1832ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಸ್ಟೀಫನ್ಸ್ ಎಂಬ ವೈದ್ಯ ಬ್ಲೂಬ್ಲ್ಯಾಕ್ ಬರವಣಿಗೆ ದ್ರವವನ್ನು ಮಾರುಕಟ್ಟೆಗೆ ತಂದರು. ವೈದ್ಯಕೀಯ ಓದುತ್ತಿದ್ದಾಗ ಇವರ ಜೊತೆಗೆ ಒಂದೇ ಬಿಡಾರದಲ್ಲಿದ್ದವರು ಕವಿ ಜಾನ್ ಕೀಟ್ಸ್! ಈ ಬಗೆಯ ಇಂಕಿನ ಜೀವಾಳ ಕಬ್ಬಿಣದ ಲವಣ ಮತ್ತು ಒಗರು ಕಾಯಿಯ ಟ್ಯಾನಿನ್. ಬರೆಯುವಾಗ ಅದು ಹೆಚ್ಚುಕಡಿಮೆ ಬಣ್ಣವಿಲ್ಲದ ದ್ರವ. ಗಾಳಿ ತಾಗಿ ಕಬ್ಬಿಣ ಆಕ್ಸಿಜನ್ ಹಿಡಿದ ಮೇಲಷ್ಟೇ ಕಪ್ಪಾಗುತ್ತದೆ. ಅಲ್ಲಿಯವರೆಗೆ ಬರೆಯುವವರಿಗೆ ಅಕ್ಷರ ಕಾಣಬೇಕಲ್ಲ, ಅದಕ್ಕಾಗಿ ನೀಲಿ ಸೇರಿಸುತ್ತಾರೆ. ಕಾಲ ಕಳೆದಂತೆ ನೀಲಿ ಹಿಂದೆ ಸರಿದು, ಕಾಗದದ ನಾರಿನೊಳಗೆ ನೆಲೆಯೂರಿದ ಕಪ್ಪು ಉಳಿಯುತ್ತದೆ. ಬ್ರಿಟನ್ನಿನ ಜನನ, ಮರಣ, ವಿವಾಹದ ನೋಂದಣಿ ಪುಸ್ತಕಗಳನ್ನು ಬರೆದದ್ದು ಇಂಥ ಇಂಕಿನಲ್ಲೇ.

ಈ ರಸಾಯನಶಾಸ್ತ್ರ ನಮ್ಮ ಗ್ರಂಥಿಗೆ ಅಂಗಡಿಯಲ್ಲೇ ಸಿಗುತ್ತದೆ. ಅಳಲೆಕಾಯಿ ಜಜ್ಜಿ ಕುದಿಸಿದ ಕಷಾಯಕ್ಕೆ ಚಿಟಿಕೆ ಅನ್ನಭೇದಿ ಹಾಕಿದರೆ ಕಣ್ಣೆದುರೇ ಅದು ಕಪ್ಪಿಗೆ ತಿರುಗುತ್ತದೆ. ಮಕ್ಕಳಿಗೆ ತೋರಿಸಲೇಬೇಕಾದ ಪ್ರಯೋಗ. ಆದರೆ ಇದನ್ನು ಅದ್ದಿ ಬರೆಯುವ ಲೇಖನಿಗೆ ಬಳಸಿ, ಫೌಂಟನ್ ಪೆನ್ನಿಗೆ ತುಂಬಬೇಡಿ. ತಳದಲ್ಲಿ ಕೂರುವ ಗಸಿ ನಿಬ್ಬಿನಡಿಯ ನಾಲಿಗೆಯ ಸಂದುಗಳನ್ನು ಕಟ್ಟಿಹಾಕುತ್ತದೆ.

ಬಾಟಲಿಯ ಮೇಲೆ ಬ್ಲೂಬ್ಲ್ಯಾಕ್ ಎಂದಿದ್ದ ಮಾತ್ರಕ್ಕೆ ಒಳಗೆ ಕಬ್ಬಿಣ ಇರಲೇಬೇಕೆಂದಿಲ್ಲ. ಈಗಿನ ಹಲವು ಇಂಕುಗಳಲ್ಲಿ ಇರುವುದು ಬರೀ ಬಣ್ಣಗಳ ಮಿಶ್ರಣ. ಬರೆದು ಒಂದು ದಿನ ಒಣಗಲು ಬಿಟ್ಟು, ಮೇಲೆ ಒಂದು ಹನಿ ನೀರು ಹಾಕಿ ಒತ್ತಿ ತೆಗೆಯಿರಿ. ನೀಲಿ ಕರಗಿ ಅಡಿಯಲ್ಲಿ ಬೂದು-ಕಪ್ಪು ಗೆರೆ ಗಟ್ಟಿಯಾಗಿ ನಿಂತರೆ ಕಬ್ಬಿಣ ಇರುವ ಸಂಭವ ಹೆಚ್ಚು. ಮಿಶ್ರಣದಲ್ಲಿ ಏನೇನಿದೆ ಎಂದು ತಿಳಿಯಲು ಬ್ಲಾಟಿಂಗ್ ಪೇಪರಿನ ಪಟ್ಟಿ ಸಾಕು. ತುದಿಯ ಹತ್ತಿರ ಒಂದು ಚುಕ್ಕೆ ಇಟ್ಟು, ಚುಕ್ಕೆ ಮುಳುಗದಂತೆ ತುದಿಯನ್ನು ನೀರಿಗೆ ತಾಗಿಸಿ. ನೀರು ಏರಿದಂತೆಲ್ಲ ಒಳಗಿರುವ ಬಣ್ಣಗಳು ಬೇರೆಬೇರೆ ಎತ್ತರಕ್ಕೆ ಹೋಗಿ ನಿಲ್ಲುತ್ತವೆ.

ಒಂದೇ ಇಂಕು, ಎರಡು ಕಾಗದ: ಎರಡು ಬೇರೆ ನೀಲಿ. ಬೇಗ ಹೀರುವ ಕಾಗದದಲ್ಲಿ ಬಣ್ಣ ಒಳಗಿಳಿದು ಮಂಕಾಗುತ್ತದೆ, ಅಕ್ಷರದ ಅಂಚು ಬೇರು ಬಿಟ್ಟಂತೆ ಹರಡುತ್ತದೆ. ಜಪಾನಿನ ಟೊಮೊಯೆ ರಿವರ್‌ನಂಥ ನಯವಾದ ತೆಳುಕಾಗದದಲ್ಲಿ ಇಂಕು ಮೇಲೆಯೇ ನಿಂತು ನಿಧಾನವಾಗಿ ಒಣಗುತ್ತದೆ. ಗಾಢ ಬಣ್ಣದ ಕೆಲವು ನೀಲಿಗಳು ಆಗ ಕೆಂಪು ಮಿಂಚನ್ನೂ ತೋರುತ್ತವೆ. ಮೇಲ್ಮೈಯಲ್ಲಿ ಒತ್ತಾಗಿ ಉಳಿದ ಬಣ್ಣದ ಪದರ ಬೆಳಕನ್ನು ಪ್ರತಿಫಲಿಸುವುದರಿಂದ ಹಾಗೆ ಕಾಣುತ್ತದೆ. ಇಂಕು ಚೆನ್ನಾಗಿಲ್ಲ ಎಂದು ತೀರ್ಪು ಕೊಡುವ ಮೊದಲು ಕಾಗದ ಬದಲಿಸಿ ನೋಡುವುದು ಒಳ್ಳೆಯದು.

ಪಾರ್ಕರ್ ಕಂಪನಿಯ ಕ್ವಿಂಕ್ ಬಂದದ್ದು 1931ರಲ್ಲಿ. ಬೇಗ ಒಣಗುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಅದೇ ವರ್ಷ ಮುಂಬೈಯಲ್ಲಿ ದಾಂಡೇಕರ್ ಕುಟುಂಬ ಇಂಕಿನ ಪುಡಿ ಮಾಡಲು ತೊಡಗಿತು. ಮುಂದೆ ಕ್ಯಾಮ್ಲಿನ್ ಆದದ್ದು ಅದೇ.

1934ರಲ್ಲಿ, ಇಂದು ಬಾಂಗ್ಲಾದೇಶದಲ್ಲಿರುವ ರಾಜಶಾಹಿಯಲ್ಲಿ, ಮೈತ್ರ ಸಹೋದರರು ಸುಲೇಖಾ ಇಂಕನ್ನು ಆರಂಭಿಸಿದರು. ವಿದೇಶಿ ಇಂಕಿನಲ್ಲಿ ಸ್ವದೇಶಿ ಮಾತು ಬರೆಯಬಾರದೆಂಬ ಹಟ ಅದರ ಹಿಂದಿತ್ತು. ಕೋಲ್ಕತ್ತದ ಜಾದವಪುರದಲ್ಲಿ ಅದರ ಕಾರ್ಖಾನೆ ಇದ್ದ ಕಡೆಯ ವೃತ್ತವನ್ನು ಜನ ಇಂದಿಗೂ ಸುಲೇಖಾ ಎಂದೇ ಕರೆಯುತ್ತಾರೆ.

ಬೆಳಕು ರಾಯಲ್ ಬ್ಲೂವನ್ನು ಮಾಸಿಸಿದರೆ, ಮೈಸೂರಿನ ಇಂಕನ್ನು ಗಾಢವಾಗಿಸುತ್ತದೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಶಾಯಿ ತಯಾರಾಗುವುದು 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ ಕಾರ್ಖಾನೆಯಲ್ಲಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಕಚ್ಚಿಕೊಂಡು ಬೆಳಕಿನಲ್ಲಿ ಕಪ್ಪಾಗುತ್ತದೆ. ಇದೂ ಪೆನ್ನಿಗೆ ಹಾಕುವಂಥದ್ದಲ್ಲ.

ವಿಮಾನ ಏರುವಾಗ ಪೆನ್ನು ಸೋರುವುದು ಇಂಕಿನ ದೋಷದಿಂದಲ್ಲ. ಕ್ಯಾಬಿನ್ನಿನ ಒತ್ತಡ ಇಳಿದಾಗ ಪೆನ್ನಿನೊಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಗೆ ನೂಕುತ್ತದೆ. ಪೆನ್ನನ್ನು ಪೂರ್ತಿ ತುಂಬಿ ಅಥವಾ ಪೂರ್ತಿ ಖಾಲಿ ಮಾಡಿ, ನಿಬ್ಬು ಮೇಲಾಗಿರುವಂತೆ ಜೇಬಿನಲ್ಲಿಡಿ.

ಹೊಸ ನೀಲಿ ತುಂಬುವ ಮೊದಲು ಪೆನ್ನನ್ನು ತಣ್ಣೀರಿನಲ್ಲಿ, ಬಣ್ಣ ಬರುವುದು ನಿಲ್ಲುವವರೆಗೆ ತೊಳೆಯಿರಿ. ಒಂದು ಇಂಕು ಆಮ್ಲೀಯ, ಇನ್ನೊಂದು ಕ್ಷಾರೀಯವಾಗಿದ್ದರೆ ಎರಡೂ ಬೆರೆತು ಗಸಿ ಕಟ್ಟಬಹುದು.