ಹಾಸುಗಳ ಮುಗ್ಗಲು ವಾಸನೆ: ಕಾರಣ, ನಿವಾರಣೆ ಮತ್ತು ಲೆಕ್ಕ

ಮಳೆಗಾಲ ಆರಂಭವಾಯಿತೆಂದರೆ ಅವಳಿ ನಗರದ ಜಮಖಾನೆ, ಕಂಬಳಿ ಹಾಗೂ ರತ್ನಗಂಬಳಿ ವ್ಯಾಪಾರಸ್ಥರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಹುಬ್ಬಳ್ಳಿಯ ಹಳೆಯ ಪೇಟೆಗಳ ಇಕ್ಕಟ್ಟಾದ ಗೋದಾಮುಗಳಲ್ಲಿ ಗಾಳಿ ಬೆಳಕುಗಳ ಸಂಚಾರ ಕಡಿಮೆ. ಇಂಥಲ್ಲಿ ಸುರುಳಿ ಸುತ್ತಿಟ್ಟ ಹಾಸನ್ನು ಗ್ರಾಹಕರ ಮುಂದೆ ಬಿಚ್ಚಿದೊಡನೆ ಮುಗ್ಗಲು ವಾಸನೆ ಹೊರಟರೆ ಬಣ್ಣ, ನೇಯ್ಗೆ, ಬಾಳಿಕೆ ಯಾವುದರ ವರ್ಣನೆಯೂ ಪ್ರಯೋಜನಕ್ಕೆ ಬಾರದು.

ಧಾರವಾಡ ಜಿಲ್ಲೆಗೆ ಈ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯವಾದುದು. ನವಲಗುಂದದ ಮಹಿಳೆಯರು ಕೈಯಿಂದ ನೇಯುವ ಹತ್ತಿಯ ಜಮಖಾನೆಗಳು ನವಿಲು, ಪಗಡೆ ಮುಂತಾದ ವಿನ್ಯಾಸಗಳಿಗೆ ಹೆಸರಾಗಿದ್ದು, 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆದಿವೆ. ಈ ಕಲೆಯನ್ನು ಬಲ್ಲ ಕೈಗಳು ಇಂದು ಕೆಲವೇ ಉಳಿದಿವೆ. ದಿನಗಟ್ಟಲೆ ಶ್ರಮಿಸಿ ನೇಯ್ದ ಜಮಖಾನೆಯೊಂದು ದಾಸ್ತಾನಿನ ದೋಷದಿಂದ ಕೆಟ್ಟರೆ ನಷ್ಟವು ಕೇವಲ ಅಂಗಡಿಯವನದಲ್ಲ, ನೇಕಾರಳ ಹೆಸರಿಗೂ ಧಕ್ಕೆ ತಗಲುತ್ತದೆ. 2019ರ ಆಗಸ್ಟ್ ತಿಂಗಳಿನ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕ ಅನುಭವಿಸಿದ ಹಾನಿಯನ್ನು ನೆನೆದರೆ, ನೀರು ತಗುಲಿದ ಸರಕನ್ನು ಹೇಗೆ ಉಳಿಸಿಕೊಳ್ಳಬೇಕೆಂಬ ತಿಳಿವಳಿಕೆ ಎಷ್ಟು ಅವಶ್ಯವೆಂಬುದು ಮನದಟ್ಟಾಗುತ್ತದೆ.

ವಾಸನೆ ಹುಟ್ಟುವ ಬಗೆ

ವಾಸನೆಗೆ ನೂಲು ಕಾರಣವಲ್ಲ. ನೂಲು ಹೀರಿದ ತೇವ ಕಾರಣ. ಹತ್ತಿಯೂ ಉಣ್ಣೆಯೂ ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಳ್ಳವು. ಉಣ್ಣೆಯಂತೂ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿದರೂ ಕೈಗೆ ಒದ್ದೆಯೆನಿಸುವುದಿಲ್ಲ. ಆದ್ದರಿಂದ ಮುಟ್ಟಿ ನೋಡಿ ಒಣಗಿದೆಯೆಂದು ಭಾವಿಸುವುದು ಮೋಸಕ್ಕೆ ಎಡೆ ಮಾಡುತ್ತದೆ. ತೇವವು ಧೂಳು, ಬೆವರು, ಚೆಲ್ಲಿದ ಆಹಾರ ಇವುಗಳೊಡನೆ ಸೇರಿದಾಗ ಬೂಷ್ಟು ಮತ್ತು ಸೂಕ್ಷ್ಮಜೀವಿಗಳು ಬೆಳೆದು, ಅವು ಹೊರಬಿಡುವ ಅನಿಲಗಳೇ ಮುಗ್ಗಲು ವಾಸನೆಯಾಗುತ್ತವೆ. ಕುರುಬ ಸಮುದಾಯದವರು ನೇಯುವ ಕಂಬಳಿಗಳಿಗೆ ಬಿಗಿ ಬರಲೆಂದು ಹುಣಸೆ ಬೀಜದ ಗಂಜಿ ಹಚ್ಚುವ ರೂಢಿಯಿದೆ. ಒಣ ಹವೆಯಲ್ಲಿ ಕಂಬಳಿಗೆ ಬಲ ಕೊಡುವ ಈ ಗಂಜಿಯೇ ತೇವ ತಗುಲಿದಾಗ ಬೂಷ್ಟಿಗೆ ಆಹಾರವಾಗುತ್ತದೆ.

ನಿವಾರಣೆಯ ಕ್ರಮ

ಮೊದಲನೆಯ ಕೆಲಸ ಧೂಳು ತೆಗೆಯುವುದು. ಹಾಸನ್ನು ಹಗ್ಗದ ಮೇಲೆ ಹಾಕಿ ಹಿಂಬದಿಯಿಂದ ಬಡಿಯಬೇಕು. ಬೂಷ್ಟು ಕಣ್ಣಿಗೆ ಕಂಡರೆ ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಹೊರಗಡೆಯೇ ಈ ಕೆಲಸ ಮಾಡುವುದು ಲೇಸು. ಅನಂತರ ಅಡಿಗೆ ಸೋಡಾವನ್ನು ತೆಳ್ಳಗೆ ಉದುರಿಸಿ, ಒಂದು ರಾತ್ರಿ ಬಿಟ್ಟು, ಮರುದಿನ ಕುಂಚಿಗೆಯಿಂದ ಅಥವಾ ವ್ಯಾಕ್ಯೂಮ್ ಯಂತ್ರದಿಂದ ತೆಗೆಯಬೇಕು. ಸೋಡಾ ಹುಳಿ ಸ್ವಭಾವದ ವಾಸನೆಗಳನ್ನು ತಗ್ಗಿಸುತ್ತದೆ. ಮಕ್ಕಳ ಅಥವಾ ಸಾಕುಪ್ರಾಣಿಗಳ ಮೂತ್ರದಿಂದ ಬಂದ ಅಮೋನಿಯಾ ವಾಸನೆಗೆ ಮಾತ್ರ ನೀರು ಬೆರೆಸಿದ ವಿನೆಗರ್ ಹೆಚ್ಚು ಉಪಯುಕ್ತ. ಬಣ್ಣ ಬಿಡುವುದೇ ಎಂಬುದನ್ನು ಒಂದು ಮೂಲೆಯಲ್ಲಿ ಮೊದಲೇ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಒಣಗಿಸುವುದೇ ಎಲ್ಲಕ್ಕಿಂತ ಮುಖ್ಯ ಘಟ್ಟ. ನೆನೆದ ಹಾಸನ್ನು 24ರಿಂದ 48 ಗಂಟೆಗಳೊಳಗೆ ಪೂರ್ತಿ ಒಣಗಿಸಿದರೆ ಬೂಷ್ಟು ಬೇರೂರಲು ಅವಕಾಶ ಸಿಗುವುದಿಲ್ಲ. ಬಿಸಿಲಿದ್ದರೆ ಬಣ್ಣ ಮಾಸದಂತೆ ಮಗುಚಿ ಹಾಕಬೇಕು. ಬಿಸಿಲಿಲ್ಲದಾಗ ನೆಲದಿಂದ ಎತ್ತರದಲ್ಲಿ ಹರಡಿ ಎರಡೂ ಬದಿಗೆ ಫ್ಯಾನ್ ಗಾಳಿ ಆಡುವಂತೆ ನೋಡಿಕೊಳ್ಳಬೇಕು.

ಮದುವೆ, ಸಮಾರಂಭಗಳಿಗೆ ಜಮಖಾನೆಯನ್ನು ಬಾಡಿಗೆಗೆ ಕೊಡುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ರಾತ್ರಿ ಕಾರ್ಯಕ್ರಮ ಮುಗಿದೊಡನೆ ಒದ್ದೆಯಿದ್ದಂತೆಯೇ ಸುತ್ತಿ ವಾಹನಕ್ಕೇರಿಸುವ ಅವಸರವೇ ಅವರ ಹೆಚ್ಚಿನ ನಷ್ಟಕ್ಕೆ ದಾರಿ. ಗೋದಾಮಿಗೆ ಬಂದ ಸುರುಳಿಯನ್ನು ಬಿಚ್ಚದೆ ಅಟ್ಟಕ್ಕೆ ಸೇರಿಸಕೂಡದು.

ಮಾಡಬಾರದ ಕೆಲಸಗಳು

ಸುಗಂಧ ದ್ರವ್ಯ ಸಿಂಪಡಿಸುವುದರಿಂದ ವಾಸನೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಡಾಂಬರು ಗುಳಿಗೆಗಳು ನುಸಿಯನ್ನು ದೂರವಿಡುತ್ತವೆ. ತೇವಕ್ಕೆ ಅವು ಮದ್ದಲ್ಲ. ಬ್ಲೀಚಿಂಗ್ ದ್ರಾವಣವು ಉಣ್ಣೆಯ ಎಳೆಗಳನ್ನೇ ಕರಗಿಸಬಲ್ಲದು. ಅದನ್ನು ವಿನೆಗರ್ ಅಥವಾ ಅಮೋನಿಯಾದೊಡನೆ ಬೆರೆಸಿದರೆ ವಿಷಾನಿಲ ಹೊರಡುವುದರಿಂದ ಪ್ರಾಣಕ್ಕೂ ಅಪಾಯ. ಹಿಂಬದಿಗೆ ಸೆಣಬು ಅಥವಾ ರಬ್ಬರ್ ಪದರ ಅಂಟಿಸಿದ ಕಾರ್ಪೆಟ್ಟುಗಳನ್ನು ನೀರಿನಲ್ಲಿ ಮುಳುಗಿಸಬಾರದು.

ಲೆಕ್ಕದ ಪುಸ್ತಕದಲ್ಲಿ

ವರ್ಷಾಂತ್ಯದ ದಾಸ್ತಾನನ್ನು ಖರೀದಿ ವೆಚ್ಚ ಮತ್ತು ನಿವ್ವಳ ವಸೂಲಿ ಮೌಲ್ಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ನಿಯಮ. ಉದಾಹರಣೆಗೆ, ತಲಾ ರೂ. 1,500 ವೆಚ್ಚದ 20 ಜಮಖಾನೆಗಳಿಗೆ ವಾಸನೆ ಹಿಡಿದು ತಲಾ ರೂ. 1,000ಕ್ಕೆ ಮಾತ್ರ ಮಾರಾಟವಾಗುವಂತಿದ್ದು, ಅದಕ್ಕೂ ಮುಂಚೆ ಶುಚಿಗೊಳಿಸಲು ತಲಾ ರೂ. 100 ತಗಲುವುದಾದರೆ, ನಿವ್ವಳ ಮೌಲ್ಯ ರೂ. 900. ಅಂದರೆ ಒಟ್ಟು ರೂ. 12,000 ನಷ್ಟವನ್ನು ಪುಸ್ತಕದಲ್ಲಿ ತೋರಿಸಬೇಕಾಗುತ್ತದೆ. ಅಷ್ಟೂ ಹಾಸುಗಳನ್ನು ಮಳೆಗಾಲಕ್ಕೆ ಮುನ್ನ ಬಡಿದು, ಒಣಗಿಸಿ, ಮರದ ಹಲಗೆಗಳ ಮೇಲೆ ಜೋಡಿಸಿಡಲು ತಲಾ ರೂ. 50ರಂತೆ ಕೂಲಿ ಕೊಟ್ಟರೂ ಖರ್ಚು ರೂ. 1,000 ಮೀರುವುದಿಲ್ಲ.

ಸರಕು ತೀರಾ ಕೆಟ್ಟಿತೆಂದು ಪುಸ್ತಕದಿಂದಲೇ ತೆಗೆದುಹಾಕುವವರು ಇನ್ನೊಂದು ಹೊರೆಯನ್ನೂ ಹೊರಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)(ಎಚ್) ಕಲಮಿನನ್ವಯ ನಾಶವಾದ ಅಥವಾ ಪುಸ್ತಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ, ಪಡೆದಿದ್ದರೆ ಹಿಂದಿರುಗಿಸಬೇಕು. ಕಡಿಮೆ ಬೆಲೆಗಾದರೂ ತೆರಿಗೆ ಸಹಿತ ಬಿಲ್ ಮಾಡಿ ಮಾರಿದ ಸರಕಿಗೆ ಈ ನಿರ್ಬಂಧವಿಲ್ಲ. ಆದ್ದರಿಂದ ಶುಚಿಗೊಳಿಸಿ, ದೋಷವನ್ನು ಗ್ರಾಹಕರಿಗೆ ತಿಳಿಸಿ, ರಿಯಾಯಿತಿಯಲ್ಲಿ ಮಾರುವುದು ಪ್ರಾಮಾಣಿಕವೂ ಹೌದು, ಲಾಭದಾಯಕವೂ ಹೌದು.

ಮೇ ತಿಂಗಳ ಬಿಸಿಲು ಪುಕ್ಕಟೆಯಾಗಿ ದೊರೆಯುವ ಸೌಲಭ್ಯ. ಮೊದಲ ಮಳೆ ಬೀಳುವುದರೊಳಗೆ ಗೋದಾಮಿನ ಪ್ರತಿಯೊಂದು ಸುರುಳಿಯನ್ನೂ ಒಮ್ಮೆ ಬಿಚ್ಚಿ ನೋಡುವ ಪದ್ಧತಿಯನ್ನು ವ್ಯಾಪಾರಸ್ಥರು ರೂಢಿಸಿಕೊಂಡರೆ, ಮಾರ್ಚ್ 31ರ ದಾಸ್ತಾನು ಪಟ್ಟಿ ಬರೆಯುವಾಗ ಕೈ ತಡೆಯುವ ಪ್ರಸಂಗ ಬಾರದು.