ಕತೆಗೂ ಕತ್ತೆಗೂ ನಡುವಣ ಮೌನ

ನಿಲ್ಲುವುದನ್ನು ಹೇಳಲು ನಮ್ಮ ನುಡಿಯಲ್ಲಿ ಮಾತುಗಳ ಬರವಿಲ್ಲ. ಶಾಲೆಯ ಮಕ್ಕಳಿಗೆ ದೊರೆಯುವುದು ಬಿಡುವು, ಬಸ್ಸಿಗೆ ಇರುವುದು ನಿಲುಗಡೆ, ಚಲನಚಿತ್ರದ ನಡುವೆ ಬರುವುದು ಮಧ್ಯಂತರ, ಬರೆಹದಲ್ಲಿ ವಿರಾಮ, ಸಂಗೀತಗಾರರು ತಾಳದಲ್ಲಿ ಬಿಡುವ ತೆರಪು ಕಾರ್ವೆ, ಪದ್ಯದ ಪಾದದ ನಡುವೆ ಉಸಿರು ನಿಲ್ಲುವ ತಾಣ ಯತಿ. (ಈ ಯತಿಯನ್ನು ಕನ್ನಡ ಕವಿಗಳು ಅಷ್ಟಾಗಿ ಲೆಕ್ಕಿಸಲಿಲ್ಲ. 13ನೆಯ ಶತಮಾನದ ಕೇಶಿರಾಜನಂತೂ ಯತಿಭಂಗವನ್ನು ಕನ್ನಡದ ಸೊಗಸುಗಳ ಸಾಲಿಗೇ ಸೇರಿಸಿದ್ದಾನೆ.) ಇನ್ನು ಅಡ್ಡಿ, ತಡೆ, ಅಡಚಣೆ, ಭಂಗ, ವಿಘ್ನ ಎಂಬುವು ಬೇರೊಂದು ಕುಲಕ್ಕೆ ಸೇರಿದವು. ಮೊದಲಿನವು ನಿಲ್ಲುವವನಿಗೂ ಕಾಯುವವನಿಗೂ ಮುಂಚಿತವಾಗಿಯೇ ತಿಳಿದಿರುವ, ಬಹುಮಟ್ಟಿಗೆ ಅಳತೆಯುಳ್ಳ ನಿಲುವುಗಳು. ಎರಡನೆಯವು ಹೊರಗಿನಿಂದ ಬಂದೆರಗುವಂಥವು. ಅವು ಎಷ್ಟು ಹೊತ್ತಿನವೆಂದು ಯಾರೂ ಹೇಳಲಾರರು. ಭಾಷೆಯು ಮಾಡಿಟ್ಟಿರುವ ಈ ವಿಂಗಡಣೆ ಭೌತವಿಜ್ಞಾನಕ್ಕೂ ಒಪ್ಪುವಂಥದೇ. ಅಳತೆಯುಳ್ಳ ಮೌನವು ಸಂದೇಶದ ಒಂದು ಅಂಗ. ಅದರ ಅಳತೆ ಕೆಟ್ಟರೆ ಸಂದೇಶವೂ ಕೆಡುತ್ತದೆ.

ಈಗ ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಿರಿ. 'ಅಪ್ಪ' ಎಂದು ನಿಧಾನವಾಗಿ ನುಡಿಯಿರಿ. ಆಮೇಲೆ 'ಅಮ್ಮ' ಎನ್ನಿರಿ. ಎರಡರಲ್ಲಿಯೂ ತುಟಿಗಳು ಮುಚ್ಚಿ ತೆರೆಯುತ್ತವೆ. ಆದರೆ 'ಅಮ್ಮ' ಎನ್ನುವಾಗ ತುಟಿ ಮುಚ್ಚಿದ್ದರೂ ನಾದವು ಮೂಗಿನ ದಾರಿಯಿಂದ ಹರಿಯುತ್ತಲೇ ಇರುತ್ತದೆ. 'ಮ್' ಎಂದು ಎಳೆಯುತ್ತಿರುವಾಗ ಮೂಗನ್ನು ಹಿಡಿದರೆ ಸದ್ದು ಅಡಗುವುದರಿಂದ ಇದು ಸಿದ್ಧವಾಗುತ್ತದೆ. 'ಅಪ್ಪ' ಎನ್ನುವಾಗಲಾದರೋ ಆ ದಾರಿಯೂ ಮುಚ್ಚಿರುತ್ತದೆ. ಗಾಳಿಯು ಬಾಯೊಳಗೆ ಸೆರೆಯಾಗಿ, ಒತ್ತಡವೇರಿ, ತುಟಿ ತೆರೆದೊಡನೆ ಸಿಡಿಯುತ್ತದೆ. ಸಿಡಿಯುವುದಕ್ಕೆ ಮುಂಚಿನ ಆ ಅಲ್ಪಕಾಲದಲ್ಲಿ ಕೇಳುವವನ ಕಿವಿಗೆ ಏನೂ ಬೀಳುವುದಿಲ್ಲ. ನಾವು ಅದನ್ನು ನಿಲುಗಡೆಯೆಂದು ಎಣಿಸುವುದಿಲ್ಲ, ಅಷ್ಟೆ.

ಕ, ಟ, ತ, ಪ ಎಂಬ ವ್ಯಂಜನಗಳು ಪದದ ನಡುವೆ ಬಂದಾಗಲೆಲ್ಲ ಇಂಥ ಮೌನವುಂಟು. 'ಕತೆ'ಯಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. 'ಕತ್ತೆ'ಯಲ್ಲಿ ಅದರ ಇಮ್ಮಡಿಯಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ನಾಲಿಗೆಯ ಸ್ಥಾನ ಒಂದೇ, ಸಿಡಿತವೂ ಒಂದೇ. ಆದುದರಿಂದ ಒಂದು ಕತೆಯನ್ನು ಕತ್ತೆಯಾಗಿಸುವುದು ಬಹುಮಟ್ಟಿಗೆ ಒಂದಿಷ್ಟು ಹೆಚ್ಚಿನ ನಿಶ್ಶಬ್ದವೇ! ಮೊಬೈಲ್ ಫೋನಿನಲ್ಲಿ 'ಕತೆ' ಎಂದು ಧ್ವನಿಮುದ್ರಿಸಿಕೊಂಡು, ಧ್ವನಿಯನ್ನು ಕತ್ತರಿಸಿ ಜೋಡಿಸುವ ಯಾವುದಾದರೂ ತಂತ್ರಾಂಶದಲ್ಲಿ ಅದರ ಅಲೆಯ ಚಿತ್ರವನ್ನು ನೋಡಿರಿ. ಎರಡು ಉಬ್ಬುಗಳ ನಡುವೆ ಚಪ್ಪಟೆಯಾದ ಗೆರೆಯೊಂದು ಕಾಣುವುದು. ಆ ಗೆರೆಯನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತ ಹೋಗಿ, ವಿಷಯ ತಿಳಿಯದ ಸ್ನೇಹಿತರಿಗೆ ಕೇಳಿಸಿ, ಎಲ್ಲಿ ಕತ್ತೆ ಹುಟ್ಟಿತೆಂದು ಗುರುತುಮಾಡಿಕೊಳ್ಳಿರಿ. ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಶಾಲೆಯವರು ಇಂಗ್ಲಿಷಿನ 'ಸ್ಲಿಟ್' ಎಂಬ ಪದದಲ್ಲಿ 'ಸ' ಕಾರದ ಬಳಿಕ ಬರಿಯ ಮೌನವನ್ನು ಸೇರಿಸಿದಾಗ ಕೇಳುಗರಿಗೆ 'ಸ್ಪ್ಲಿಟ್' ಎಂದು ಕೇಳಿಸಿತು. ಯಾರೂ ಉಚ್ಚರಿಸದ 'ಪ' ಕಾರವನ್ನು ಮೌನವೇ ಹುಟ್ಟಿಸಿತ್ತು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಕಂಪ್ಯೂಟರುಗಳು ಲಿಪಿಗಳಿಗೆ ಬಳಸುವ ಯೂನಿಕೋಡ್ ಪಟ್ಟಿಯಲ್ಲಿ, ಅಕ್ಷರದ 'ಅ' ಕಾರವನ್ನು ತೆಗೆದುಹಾಕುವ ನಮ್ಮ ಚಿಹ್ನೆಗೆ 'ವಿರಾಮ'ವೆಂದೇ ಹೆಸರು. 'ಕತ್ತೆ'ಯನ್ನು ಯಂತ್ರದಲ್ಲಿ ಬರೆದಾಗ ಎರಡು ತಕಾರಗಳ ನಡುವೆ ಒಂದು ವಿರಾಮವು ದಾಖಲಾಗುತ್ತದೆ. ಹೆಸರಿಟ್ಟವರ ಉದ್ದೇಶ ಸ್ವರವನ್ನು ನಿಲ್ಲಿಸುವುದಷ್ಟೇ ಆಗಿದ್ದರೂ, ಬಾಯಿ ಸುಮ್ಮನಾಗುವುದೂ ಅದೇ ಸ್ಥಳದಲ್ಲಿಯೆ.

ಮೌನವನ್ನು ಗಡಿಯಾರ ಹಿಡಿದು ಅಳೆದು ಬಳಸಿದವರು ತಂತಿಯ ಇಲಾಖೆಯವರು. ಮೋರ್ಸ್ ಸಂಕೇತದಲ್ಲಿ ಚುಕ್ಕೆಯ ಕಾಲವನ್ನು 1 ಮಾತ್ರೆಯೆಂದಿಟ್ಟುಕೊಂಡರೆ ಗೆರೆಗೆ 3 ಮಾತ್ರೆ. ಅಕ್ಷರದೊಳಗಣ ಮೌನ 1 ಮಾತ್ರೆ, ಅಕ್ಷರ ಅಕ್ಷರಗಳ ನಡುವೆ 3, ಪದಗಳ ನಡುವೆ 7. ಚುಕ್ಕೆಯ ಬೆನ್ನಿಗೇ ಗೆರೆ ಬಂದರೆ ಇಂಗ್ಲಿಷಿನ 'ಎ'. ನಡುವೆ 3 ಮಾತ್ರೆ ಸುಮ್ಮನಿದ್ದರೆ 'ಇ', 'ಟಿ' ಎಂಬ ಎರಡು ಅಕ್ಷರಗಳು. ಅಮೆರಿಕದಲ್ಲಿ 1840ರ ದಶಕದಲ್ಲಿ ಬಳಕೆಗೆ ಬಂದ ಮೂಲ ಸಂಕೇತವು ಇದಕ್ಕಿಂತಲೂ ನಾಜೂಕಾದುದು. ಅದರಲ್ಲಿ ಮೂರು ಚುಕ್ಕೆಗಳು ಒಟ್ಟಾಗಿ ಬಂದರೆ 'ಎಸ್'. ಎರಡು ಚುಕ್ಕೆ, ತೆರಪು, ಒಂದು ಚುಕ್ಕೆ ಎಂದರೆ 'ಸಿ'. ಒಂದು ಚುಕ್ಕೆ, ತೆರಪು, ಎರಡು ಚುಕ್ಕೆ ಎಂದರೆ 'ಆರ್'. ಸಂಕೇತವನ್ನು ಕಳುಹಿಸುವವನ ಕೈ ದಣಿದು ತೆರಪು ಒಂದಿಷ್ಟು ಕುಗ್ಗಿತೋ, ಮೂರೂ ಒಂದೇ ಆಗುವುವು. ಈ ಒಳತೆರಪುಗಳನ್ನು 1848ರಲ್ಲಿ ಜರ್ಮನಿಯ ಗೆರ್ಕೆ ಎಂಬಾತನು ಕಿತ್ತುಹಾಕಿದನು. ಅವನ ತಿದ್ದುಪಾಟನ್ನು ಆಧರಿಸಿದ ಸಂಕೇತವನ್ನು 1865ರಲ್ಲಿ ಪ್ಯಾರಿಸ್ಸಿನಲ್ಲಿ ಹಲವು ರಾಷ್ಟ್ರಗಳು ಕೂಡಿ ಒಪ್ಪಿಕೊಂಡವು. ನಮ್ಮ ದೇಶದಲ್ಲಿ ತಂತಿಯ ಸೇವೆ 2013ರ ಜುಲೈ ತಿಂಗಳಲ್ಲಿ ಮುಗಿಯಿತು. ಹವ್ಯಾಸಿ ರೇಡಿಯೋದವರು ಆ ಲೆಕ್ಕವನ್ನು ಇಂದಿಗೂ ಬಿಟ್ಟಿಲ್ಲ.

ತಂತಿಯಲ್ಲಿ ಮೌನವನ್ನು ಕೆಡಿಸುವುದು ಕೈ. ಕೊಠಡಿಯಲ್ಲಿ ಅದನ್ನು ಕೆಡಿಸುವುದು ಗೋಡೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಯಾರಿಗೂ ಪಾಠ ಅರ್ಥವಾಗುತ್ತಿರಲಿಲ್ಲ. ಕಾರಣವನ್ನು ಹುಡುಕುವ ಕೆಲಸ ವ್ಯಾಲೇಸ್ ಸೇಬೈನ್ ಎಂಬ ತರುಣ ಭೌತವಿಜ್ಞಾನಿಯ ಪಾಲಿಗೆ ಬಂದಿತು. ನುಡಿದ ಮಾತು ಆ ಖಾಲಿ ಮಂದಿರದಲ್ಲಿ ಐದು ಸೆಕೆಂಡಿಗೂ ಮೀರಿ ಅನುರಣಿಸುತ್ತಿತ್ತು. ಅಷ್ಟು ಹೊತ್ತಿನಲ್ಲಿ ಉಪನ್ಯಾಸಕನು ಹತ್ತಾರು ಅಕ್ಷರಗಳನ್ನು ದಾಟಿ ಹೋಗಿರುತ್ತಾನೆ. ಪ್ರತಿಯೊಂದು ಅಕ್ಷರದ ಮೌನದೊಳಕ್ಕೂ ಹಿಂದಿನ ಅಕ್ಷರದ ಬಾಲ ನುಗ್ಗಿ ಕುಳಿತಿರುತ್ತದೆ. ಸೇಬೈನನು ರಾತ್ರಿಯ ವೇಳೆ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆಯನ್ನು ನುಡಿಸಿ, ಸದ್ದು ಅಡಗಲು ಹಿಡಿಯುವ ಕಾಲವನ್ನು ಅಳೆಯುತ್ತ ಹೋದನು. ಮೆತ್ತೆಗಳು ಹೆಚ್ಚಿದಂತೆ ಅನುರಣನ ಕಡಿಮೆಯಾಯಿತು. ಕಟ್ಟಡಗಳ ಧ್ವನಿವಿಜ್ಞಾನವು ಹುಟ್ಟಿದುದು ಈ ಮೆತ್ತೆಗಳ ಮೇಲೆಯೇ ಎನ್ನಬಹುದು.

ಬರಿಗೋಡೆ, ಕಲ್ಲುನೆಲದ ನಮ್ಮ ಎಷ್ಟೋ ತರಗತಿಗಳಲ್ಲಿ ಹಿಂದಿನ ಬೆಂಚಿನವರು 'ಕೇಳಿಸುತ್ತಿಲ್ಲ ಸಾರ್' ಎಂದಾಗ ಉಪನ್ಯಾಸಕರು ಧ್ವನಿಯನ್ನು ಏರಿಸುವುದುಂಟು, ಇಲ್ಲವೆ ಧ್ವನಿವರ್ಧಕವನ್ನು ತರಿಸುವುದುಂಟು. ಸದ್ದು ಇಮ್ಮಡಿಯಾದರೆ ಅದರ ಬಾಲವೂ ಇಮ್ಮಡಿ. ಮೌನವು ತುಂಬಿಕೊಂಡೇ ಇರುತ್ತದೆ. ಅಂಥ ಕೊಠಡಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಒಂದಿಷ್ಟು ನಿಂತು ನಿಧಾನವಾಗಿ ನುಡಿಯುವುದೇ ಮೇಲು. ಕಿಟಕಿಗಳಿಗೆ ದಪ್ಪ ಪರದೆಗಳನ್ನು ಇಳಿಬಿಟ್ಟರೆ ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳ ಮೈಮೇಲಿನ ಬಟ್ಟೆಯೂ ಸದ್ದನ್ನು ಹೀರುವುದರಿಂದ, ಹಾಜರಿ ತುಂಬಿದ ದಿನ ಪಾಠವು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.